ಸೀಸದಕಡ್ಡಿಯ ಕಣ್ಣು

ಹಕ್ಕಿಯ ಹೆಸರು ತಿಳಿದೊಡನೆ ನಾವು ಅದನ್ನು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. "ಅದೋ, ಕೊಕ್ಕರೆ!" ಎಂದರಾಯಿತು, ಕಣ್ಣು ಮುಂದಿನ ಕೊಂಬೆಗೆ ಹಾರುತ್ತದೆ. ಕೈಯಲ್ಲಿ ಸೀಸದಕಡ್ಡಿ ಹಿಡಿದವನಿಗೆ ಈ ಸೌಖ್ಯವಿಲ್ಲ. ಕಾಲು ಒಡಲಿನ ಯಾವ ಭಾಗದಿಂದ ಇಳಿಯುತ್ತದೆ, ಕತ್ತು ಎಲ್ಲಿ ಬಾಗುತ್ತದೆ ಎಂದು ಕಾಗದ ಅವನನ್ನು ಕೇಳುತ್ತಲೇ ಇರುತ್ತದೆ.

ನಮ್ಮ ಮೈಸೂರಿಗೆ ರಂಗನತಿಟ್ಟು ದೂರವೇನಲ್ಲ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಪಕ್ಷಿಧಾಮವೆಂದು ಸಾರಿದ ಕಾವೇರಿಯ ಆ ನಡುಗಡ್ಡೆಗಳಿಗೆ ನಾನು ನೋಟುಪುಸ್ತಕ ಹಿಡಿದು ಹೋಗತೊಡಗಿದ್ದು ನಿವೃತ್ತಿಯ ಬಳಿಕ. ದೋಣಿ ಅಲುಗುತ್ತದೆ, ಹಕ್ಕಿ ಹಾರುತ್ತದೆ. ಚಿತ್ರಕ್ಕೆಂದು ಕದಲದೆ ಕೂರುವ ಸೌಜನ್ಯವಿರುವುದು ಬಂಡೆಯ ಮೇಲಿನ ಮೊಸಳೆಗೆ ಮಾತ್ರ!

ಆದ್ದರಿಂದ ನಾನು ಮಾಡುವುದಿಷ್ಟು: ಮೊದಲು ಬೆನ್ನಿನ ಓರೆಗೆ ಒಂದು ಗೆರೆ, ಅದರ ಮೇಲೆ ಮೊಟ್ಟೆಯಾಕಾರದ ಮೈ, ಆಮೇಲೆ ತಲೆ, ಕೊಕ್ಕು. ಅಷ್ಟರಲ್ಲಿ ಹಕ್ಕಿ ಹೊರಳಿದರೆ ಚಿತ್ರವನ್ನು ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ತೊಡಗುತ್ತೇನೆ. ತುಸು ಹೊತ್ತಿಗೆ ಅದು ಹಳೆಯ ಭಂಗಿಗೇ ಮರಳುವುದುಂಟು. ರಬ್ಬರನ್ನು ಮಾತ್ರ ಒಯ್ಯುವುದಿಲ್ಲ. ಒಮ್ಮೆ ನನ್ನ ಮನೆಯಾಕೆ ಪುಟ ತಿರುವಿ, "ಇದೇನೂಂದ್ರೆ, ಹೂಜಿಗೆ ಕಾಲು ಬಂದಿದೆಯಲ್ಲ!" ಎಂದಳು. ಆ ಕಾಲನ್ನು ಬರೆಯುವಾಗಲೇ ನನ್ನ ಕಣ್ಣು ತೆರೆದದ್ದು. ಹಿಂದಕ್ಕೆ ಮಡಿಯುವ ಮೊಣಕಾಲೆಂದು ಲೋಕವೆಲ್ಲ ತಿಳಿದಿರುವ ಆ ಕೀಲು ಹಕ್ಕಿಯ ಕಾಲಿನ ಹರಡು. ನಿಜವಾದ ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿರುತ್ತದೆ.

ಈ ಆತುರಕ್ಕೆ ಇನ್ನೊಂದು ಕಾರಣವೂ ಉಂಟು. ನನ್ನ ಎರಡು ಕಣ್ಣಿಗೂ ಪೊರೆ ಬರುತ್ತಿದೆ. ಬಣ್ಣದ ಕೊಕ್ಕರೆಯ ಗುಲಾಬಿ ಗರಿಗಳು ನನಗೀಗ ಒಗೆದೊಗೆದು ಮಾಸಿದ ಸೀರೆಯಂತೆ ಕಾಣುತ್ತವೆ. ಶಸ್ತ್ರಚಿಕಿತ್ಸೆಯಾದರೆ ಎಲ್ಲ ಸರಿಹೋಗುವುದೆಂದು ವೈದ್ಯರು ಹೇಳುತ್ತಾರೆ, ನಂಬಿದ್ದೇನೆ. ಅಲ್ಲಿಯವರೆಗೆ ಆಕಾರವಷ್ಟೇ ನನ್ನ ಪಾಲು. ಸೀಸದಕಡ್ಡಿಗಾದರೂ ಬಣ್ಣದ ಗೊಡವೆ ಎಲ್ಲಿದೆ?

ಹೋದ ವಾರ ಬಾಯ್ಕಳಕ ಕೊಕ್ಕರೆಯ ಗೂಡೊಂದನ್ನು ಬರೆದೆ. ಬೆಳೆದ ಹಕ್ಕಿಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿದು, ಆಚೆಯ ಬೆಳಕು ಕಾಣುತ್ತದೆ. ಮರಿಗೆ ಆ ಸಂದಿಲ್ಲ. ಅದು ವಯಸ್ಸಿನೊಡನೆ ಬರತಕ್ಕದ್ದು. ಇದಾವುದನ್ನೂ ನಾನು ಹೇಳುವ ಮೊದಲೇ ಮೊಮ್ಮಗಳು ಚಿತ್ರದ ಮೇಲೆ ಬೆರಳಿಟ್ಟು, "ತಾತ, ಇದರ ಕೊಕ್ಕು ಮಾತ್ರ ಯಾಕೆ ಪೂರ್ತಿ ಮುಚ್ಚಿದೆ?" ಎಂದು ಕೇಳಿದಳು. ಭಾನುವಾರ ಅವಳೂ ಬರುತ್ತಾಳಂತೆ. ರಬ್ಬರನ್ನು ತಂದೇ ತರುವೆನೆಂದು ಹಟ ಹಿಡಿದಿದ್ದಾಳೆ.