ಬತ್ತಳಿಕೆ ಡೈರಿ: ಅಲ್ಯೂಮಿನಿಯಂ ಬಿಟ್ಟು ಕಾರ್ಬನ್ ಬಾಣಕ್ಕೆ

(1/4)

ಹೋದ ಪೋಸ್ಟ್ ಹಾಕಿದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಆ ಬೆಳ್ಳಿ ಬಣ್ಣದ ಬಾಣಗಳು ಎಲ್ಲಿ ಹೋದ್ವು? ಈ ಕರಿ ಕಡ್ಡಿ ಯಾವುದು?" ಸರಿ, ಇವತ್ತು ಅದೇ ಕಥೆ. 🏹

ಹೊಸದಾಗಿ ಬಂದವರಿಗೆ ಎರಡು ಮಾತು. ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ. ಇಲ್ಲಿ ಲೈಸೆನ್ಸ್ ತಗೊಂಡು ಬಿಲ್ಲಿನಲ್ಲಿ ಬಿಳಿಬಾಲದ ಜಿಂಕೆ ಬೇಟೆ ಆಡಬಹುದು. ಸೀಸನ್ ಅಕ್ಟೋಬರ್ 1ಕ್ಕೆ ಶುರು. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಹೊಡೆಯೋದು ಅಪರಾಧ. ಅದಕ್ಕೇ ಇದನ್ನ ಓದ್ಬಿಟ್ಟು ಯಾರೂ ಬಿಲ್ಲು ಹಿಡ್ಕೊಂಡು ಕಾಡಿಗೆ ನುಗ್ಗಬೇಡಿ ಮಾರಾಯ್ರೆ.

ಫೋಟೋದಲ್ಲಿ ಎಡಗಡೆ ಇರೋದು ನನ್ನ ಹಳೇ ಅಲ್ಯೂಮಿನಿಯಂ ಬಾಣ. ಅದರ ಮೇಲೆ 2117 ಅಂತ ಬರೆದಿದೆ, ನೋಡಿ. ಅದು ಮಾಡೆಲ್ ನಂಬರ್ ಅಲ್ಲ, ಅಳತೆ. ಮೊದಲ ಎರಡು ಅಂಕಿ ಕೊಳವೆಯ ದಪ್ಪ: ಒಂದು ಇಂಚನ್ನ 64 ಪಾಲು ಮಾಡಿದ್ರೆ ಅದರಲ್ಲಿ 21 ಪಾಲು. ಕೊನೆಯ ಎರಡು ಅಂಕಿ ಕೊಳವೆಯ ಗೋಡೆ ಎಷ್ಟು ದಪ್ಪ ಅನ್ನೋದು: ಇಂಚಿನ ಸಾವಿರದಲ್ಲಿ 17 ಪಾಲು. ಅಂದ್ರೆ ಅರ್ಧ ಮಿಲಿಮೀಟರ್ ಕೂಡ ಇಲ್ಲ!

ಬಲಗಡೆ ಕಾರ್ಬನ್. ಅದರ ಮೇಲಿರೋದು 400. ಇದು ಬಾಣ ಎಷ್ಟು ಬಾಗುತ್ತೆ ಅನ್ನೋ ಲೆಕ್ಕ. 28 ಇಂಚು ಅಂತರದಲ್ಲಿ ಎರಡು ಆಧಾರದ ಮೇಲೆ ಬಾಣ ಇಟ್ಟು, ನಡುವೆ 1.94 ಪೌಂಡ್ ತೂಕ ನೇತುಹಾಕಿದ್ರೆ 0.400 ಇಂಚು ಬಗ್ಗುತ್ತೆ. ಹಾಗಾಗಿ ನಂಬರ್ ಹೆಚ್ಚಾದಷ್ಟು ಬಾಣ ಮೆದು. 500 ನೋಡಿ "ಇದೇ ಸ್ಟ್ರಾಂಗು" ಅಂತ ತಗೊಂಡ್ರೆ ಉಲ್ಟಾ ಹೊಡೆಯುತ್ತೆ.

(2/4)

ಎಲ್ಲರೂ ಅಂದುಕೊಳ್ಳೋದು ಕಾರ್ಬನ್ ಅಂದ್ರೆ ಸ್ಪೀಡು ಅಂತ. ಬನ್ನಿ, ಲೆಕ್ಕ ಹಾಕೋಣ.

ನನ್ನದು 60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು. ಅಲ್ಯೂಮಿನಿಯಂ ಬಾಣ ಮೊನೆ, ಗರಿ ಎಲ್ಲ ಸೇರಿ ಸುಮಾರು 32 ಗ್ರಾಂ. ಸೆಕೆಂಡಿಗೆ 240 ಅಡಿ ಹೋಗ್ತಿತ್ತು. ಕಾರ್ಬನ್ ಸುಮಾರು 27 ಗ್ರಾಂ. 260 ಅಡಿ ಹೋಗುತ್ತೆ. ನಾನು ಜಿಂಕೆಗೆ ಬಾಣ ಬಿಡೋದು 20 ಗಜದೊಳಗೆ ಮಾತ್ರ, ಅಂದ್ರೆ 60 ಅಡಿ. ಅಷ್ಟು ದೂರಕ್ಕೆ ಹಳೇದು 0.25 ಸೆಕೆಂಡ್, ಹೊಸದು 0.23. ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಎರಡು ಪಾಲು! ಹೆದೆಯ ಸದ್ದು ಜಿಂಕೆಯ ಕಿವಿ ಮುಟ್ಟೋಕೆ ಬೇಕಾಗಿರೋದು ಸುಮಾರು 0.05 ಸೆಕೆಂಡ್ ಅಷ್ಟೇ. ಎರಡೂ ಬಾಣಕ್ಕಿಂತ ಸದ್ದೇ ಮುಂಚೆ ತಲುಪುತ್ತೆ. ಹೊಡೆತದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ: ಒಂದು ಭಾರ ಜಾಸ್ತಿ, ಇನ್ನೊಂದು ವೇಗ ಜಾಸ್ತಿ.

ಹಂಗಾದ್ರೆ ಸ್ಪೀಡಿಗೋಸ್ಕರ ದುಡ್ಡು ಸುರಿಯೋದು ದಂಡ. ನಾನು ಬದಲಾಯಿಸಿದ್ದು ಬೇರೆ ಕಾರಣಕ್ಕೆ.

(3/4)

ಅಲ್ಯೂಮಿನಿಯಂ ಬಾಗುತ್ತೆ, ಮತ್ತೆ ನೆಟ್ಟಗಾಗಲ್ಲ. ದಿನಾ ಸಂಜೆ ಪ್ರಾಕ್ಟೀಸ್ ಮಾಡ್ತೀವಿ. ಒಂದು ಬಾಣಕ್ಕೆ ಇನ್ನೊಂದು ಬಡಿಯುತ್ತೆ, ಟಾರ್ಗೆಟ್‌ನಿಂದ ಕೀಳುವಾಗ ಒಂಚೂರು ವಾರೆ ಎಳೀತೀವಿ. ಆ ಸಣ್ಣ ಡೊಂಕು ಕಣ್ಣಿಗೆ ಕಾಣಲ್ಲ. ಮೇಜಿನ ಮೇಲೆ ಉರುಳಿಸಿದ್ರೆ ಟಕ ಟಕ ಅಂತ ಕುಣಿಯುತ್ತೆ, ಆಗ ಗೊತ್ತಾಗೋದು. ಪ್ರಾಕ್ಟೀಸ್ ಮೊನೆ ಹಾಕಿದಾಗ ಇದು ಅಷ್ಟೇನೂ ತೊಂದರೆ ಕೊಡಲ್ಲ. ಬೇಟೆಯ ಅಲಗಿನ ಮೊನೆ ಹಾಕಿದ ತಕ್ಷಣ ಅಲಗುಗಳು ಗಾಳಿ ಹಿಡೀತವೆ, ಬಾಣ ಪಕ್ಕಕ್ಕೆ ಹೋಗುತ್ತೆ.

ಪಕ್ಕಕ್ಕೆ ಅಂದ್ರೆ ನಾಲ್ಕೈದು ಇಂಚು. ಕಾಗದದ ಮೇಲೆ ಅದು ಬರೀ ಪಾಯಿಂಟ್ ಲೆಕ್ಕ. ಜಿಂಕೆಯ ಮೈಯಲ್ಲಿ ಹಾಗಲ್ಲ. ಶ್ವಾಸಕೋಶಕ್ಕೆ ಸರಿಯಾಗಿ ತಾಗಿದ್ರೆ ಕೆಲವೇ ಸೆಕೆಂಡ್‌ಗಳಲ್ಲಿ ಮುಗಿಯುತ್ತೆ. ಅದೇ ನಾಲ್ಕೈದು ಇಂಚು ಹಿಂದೆ, ಹೊಟ್ಟೆಗೆ ತಾಗಿದ್ರೆ ಆ ಜೀವ ಗಂಟೆಗಟ್ಟಲೆ ನರಳುತ್ತೆ. ಕೊಲ್ಲೋಕೆ ಅಂತ ಮರ ಹತ್ತಿ ಕೂತವನಿಗೆ ಕನಿಷ್ಠ ಇಷ್ಟಾದ್ರೂ ಜವಾಬ್ದಾರಿ ಇರಬೇಕು. "ನೀನು ಮಾಂಸ ತಿನ್ನು, ಆದರೆ ನೋವು ತಿನ್ನಿಸಬೇಡ" ಅಂತಾರೆ ನಂಗೆ ಬೇಟೆ ಕಲಿಸಿದ ಪಕ್ಕದ್ಮನೆ ತಾತ.

ಕಾರ್ಬನ್ ಹಾಗೆ ಡೊಂಕಾಗಿ ಉಳಿಯಲ್ಲ. ಬಾಗಿದ್ರೂ ಪಟ್ ಅಂತ ಮತ್ತೆ ನೆಟ್ಟಗೆ. ಇವತ್ತು ಹೋದ ಜಾಗಕ್ಕೇ ಇನ್ನೊಂದು ತಿಂಗಳಾದ ಮೇಲೂ ಹೋಗುತ್ತೆ. ನಾನು ದುಡ್ಡು ಕೊಟ್ಟಿದ್ದು ಈ ಒಂದು ಗುಣಕ್ಕೆ.

(4/4)

ಹಾಗಂತ ಕಾರ್ಬನ್ ದೇವರಲ್ಲ ಗುರು. ಅದರ ರೋಗ ಬೇರೆ, ಇನ್ನೂ ಡೇಂಜರ್. ಅದು ಬಾಗಲ್ಲ, ಬಿರುಕು ಬಿಡುತ್ತೆ. ಕೂದಲೆಳೆಯಷ್ಟು ಬಿರುಕು, ಹೊರಗಿಂದ ಬಾಣ ಹೊಸದರಂತೆಯೇ ಇರುತ್ತೆ. ಹೆದೆ ಬಿಟ್ಟ ಆ ಕ್ಷಣ ಬಿಲ್ಲಿನ ಪೂರ್ತಿ ಬಲ ಕಡ್ಡಿಯ ಮೇಲೆ ಬೀಳುತ್ತೆ. ಬಿರುಕು ಇದ್ರೆ ಅಲ್ಲೇ ಸೀಳಿ ಚೂರುಗಳು ಬಿಲ್ಲು ಹಿಡಿದ ಕೈಗೆ ನಾಟಿಕೊಳ್ಳುತ್ತವೆ. ಅಲ್ಯೂಮಿನಿಯಂ ಕೆಟ್ಟರೆ ಗುರಿ ತಪ್ಪುತ್ತೆ, ಕಾರ್ಬನ್ ಕೆಟ್ಟರೆ ಕೈ ಹೋಗುತ್ತೆ.

ಅದಕ್ಕೆ ಪ್ರತೀ ಸಲ, ಬಾಣ ಹೂಡೋ ಮುಂಚೆ ಇಷ್ಟು ಮಾಡ್ತೀನಿ:

👉 ಬೆರಳಲ್ಲಿ ತಿರುಗಿಸ್ತಾ ಪೂರ್ತಿ ಕಡ್ಡಿ ನೋಡೋದು. ಗೀರು, ತಗ್ಗು, ಎದ್ದ ಎಳೆ ಕಂಡ್ರೆ ಪಕ್ಕಕ್ಕೆ.
👉 ಎರಡೂ ತುದಿ ಹಿಡಿದು, ಮುಖದಿಂದ ದೂರಕ್ಕೆ ಒಂದೆರಡು ಇಂಚು ಬಗ್ಗಿಸೋದು. ಸ್ವಲ್ಪ ಸ್ವಲ್ಪ ತಿರುಗಿಸಿ ಸುತ್ತಲೂ ಹೀಗೇ. ಚಿಟ್ ಅಂತ ಸದ್ದು ಬಂದ್ರೆ ಅದರ ಕಥೆ ಮುಗೀತು.
👉 ಕೆಟ್ಟ ಬಾಣವನ್ನ ಮುರಿದೇ ಎಸೆಯೋದು. ಇನ್ಯಾರೋ ಎತ್ಕೊಂಡು ಬಿಡಬಾರದಲ್ಲ.
👉 ಜಿಂಕೆ ಮೈಯಲ್ಲಿ ಬಾಣ ಮುರಿದಿದ್ರೆ ಗಾಯದ ಸುತ್ತಲಿನ ಮಾಂಸ ಧಾರಾಳವಾಗಿ ಕತ್ತರಿಸಿ ಬಿಸಾಡೋದು. ಆ ಎಳೆ ಹೊಟ್ಟೆಗೆ ಹೋಗಬಾರದು.

ಇನ್ನೊಂದು ವಿಷಯ: ಬಾಣ ಬದಲಾದ್ರೆ ಬಿಲ್ಲಿನ ಗುರಿಪಿನ್‌ಗಳನ್ನೂ ಹೊಸದಾಗಿ ಹೊಂದಿಸಬೇಕು. ಹಗುರ ಬಾಣ ಅದೇ ಪಿನ್ನಿಗೆ ಮೇಲೆ ಹೋಗಿ ಬೀಳುತ್ತೆ. ಬಾಣ ಸೀಸನ್‌ಗೆ ಮುಂಚೆಯೇ ಬದಲಾಯಿಸಿ, ನಡುವೆ ಬೇಡ.

ಯಾವುದು ಒಳ್ಳೇದು ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ: ಬಾಣ ಹೇಗೆ ಕೆಡುತ್ತೆ ಅಂತ ಗೊತ್ತಿದ್ದು, ಅದನ್ನ ದಿನಾ ನೋಡೋ ತಾಳ್ಮೆ ಇದ್ರೆ ಎರಡೂ ಒಳ್ಳೇದೇ. ತಾಳ್ಮೆ ಇಲ್ಲ ಅಂದ್ರೆ ಎರಡೂ ಬೇಡ, ಮನೇಲಿ ಕೂತು ಕ್ಯಾರಂ ಆಡಿ. 😄

ಮುಂದಿನ ಪೋಸ್ಟ್: ಮರದ ಮೇಲೆ ನಾಲ್ಕು ಗಂಟೆ ಸುಮ್ಮನೆ ಕೂರೋದು ಹೇಗೆ. ನಿಮ್ಮ ಪ್ರಶ್ನೆ ಕಾಮೆಂಟ್‌ನಲ್ಲಿ ಹಾಕಿ. ಆರ್ಚರಿ ಕ್ಲಾಸಿಗೆ ಹೋಗೋ ಫ್ರೆಂಡ್ ಇದ್ರೆ, ಮೂರನೇದು ಬಿಟ್ರೂ ನಾಲ್ಕನೇದನ್ನ ಖಂಡಿತ ಕಳಿಸಿ.

#ಬತ್ತಳಿಕೆಡೈರಿ #ಬಿಲ್ಲುಬಾಣ #ಕನ್ನಡದಲ್ಲೇಬರೀರಿ