ಗಾಳಿ ದೋಣಿ, ಉಲ್ಟಾ ಹಿಡಿ

ಸಮುದ್ರವೇ ಇಲ್ಲದ ಮಂಡ್ಯದವನಿಗೆ ರಬ್ಬರ್ ದೋಣಿ ಯಾಕೆ ಅಂತ ಮನೇಲಿ ನಕ್ಕರು. 2018ರ ನವೆಂಬರ್ 24ರಂದು ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರಲ್ಲ, ಆವತ್ತಿಂದ ಒಂದು ಹುಳ ತಲೆ ಕೊರೀತಾನೇ ಇತ್ತು. ಕೊನೆಗೂ ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟೆ.

ಮೊದಲು ಕೆರೇಲಿ, ಆಮೇಲೆ ಹೊಳೇಲಿ. ಇಂಜಿನ್ನಿನ ಕೆಂಪು ದಾರಾನ ಮಣಿಕಟ್ಟಿಗೆ ಸಿಕ್ಕಿಸ್ಕೋಬೇಕು. ನಾವು ನೀರಿಗೆ ಬಿದ್ರೆ ದಾರ ಕಿತ್ತು ಇಂಜಿನ್ ನಿಲ್ಲತ್ತೆ. ಅದೇನೋ ಸುಲಭ. ಆದ್ರೆ ಹಿಡೀನ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ತಿರುಗತ್ತೆ ಕಣ್ರೀ! ಮದ್ದೂರು-ಮಳವಳ್ಳಿ ರಸ್ತೇಲಿ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಕೈಗೆ ಇದು ಹೇಗೆ ಒಗ್ಗಬೇಕು ಹೇಳಿ?

ಗೆಳೆಯನೊಬ್ಬ ಮುಳುಗೋನ ಹಾಗೆ ನಟಿಸ್ತಿದ್ದ. ನಾನು ನೀರು ಹರಿಯೋ ದಿಕ್ಕಲ್ಲೇ ಜೋರಾಗಿ ನುಗ್ಗಿಸಿದೆ. ದೋಣಿ ನಿಲ್ಲಲೇ ಇಲ್ಲ. ಗಾಬರೀಲಿ ಹಿಡೀನೂ ಉಲ್ಟಾ ತಳ್ಳಿದೆ, ನೇರ ಅವನ ಮೇಲೇ ಹೋಯ್ತು. ಪುಣ್ಯಕ್ಕೆ ಅವನಿಗೆ ಈಜು ಚೆನ್ನಾಗಿ ಬರ್ತಿತ್ತು. ಹೇಳಿಕೊಡೋರು ಬೈಯಲಿಲ್ಲ. "ಕೆಳಗಿಂದ ಬನ್ನಿ, ನೀರಿಗೆ ಎದುರಾಗಿ. ಹತ್ರ ಬಂದ ತಕ್ಷಣ ನ್ಯೂಟ್ರಲ್. ಪಂಕ ಕಾಲು ಕತ್ತರಿಸತ್ತೆ" ಅಂದ್ರು ಅಷ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಮುತ್ತತ್ತಿಗೆ ಹೋಗಿದ್ದೆ. ಸೀತಮ್ಮನ ಮುತ್ತನ್ನ ಹನುಮಂತ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ ಅಂತಾರಲ್ಲ, ಅಲ್ಲಿಗೇ. ಎಷ್ಟೊಂದು ಬಂಡೆ! ಪಂಕ ತಗುಲಿದ್ರೆ ಮುಗೀತು, ಅಲ್ಲಿಗೆ ಹರಿಗೋಲೇ ಸರಿ. ದಡದಲ್ಲಿದ್ದ ಅಜ್ಜನ್ನ ಕೇಳಿದೆ, "ಸುಳಿ ಎಲ್ಲೆಲ್ಲಿದೆ ಅಜ್ಜ?"

"ಮಳೆಗಾಲ ಮುಗುದ್ಮೇಲೆ ಇನ್ನೊಂದ್ಸಲಿ ಬಂದು ಕೇಳಪ್ಪ" ಅಂದ.