ಗಾಂಧಿನಗರದ ವಕೀಲರ ಮನೆಯಲ್ಲಿ

ಸಿರುಗುಪ್ಪೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ನೋಡತಕ್ಕದ್ದೇನೂ ಇಲ್ಲವೆಂದು ಹೇಳುವವರುಂಟು. ನಮಗೆ ಹಾಗೆ ತೋರದು. ತುಂಗಭದ್ರೆಯ ಕಾಲುವೆಯ ನೀರು ಮುಟ್ಟಿದ ಕಡೆಯೆಲ್ಲ ಬತ್ತದ ಹಸುರು; ಮುಟ್ಟದ ಕಡೆ ಕರಿಯ ನೆಲ, ಜಾಲಿಯ ಗಿಡ. ತೆಕ್ಕಲಕೋಟೆಯ ಬಂಡೆಗಳನ್ನು ಹಿಂದಿಕ್ಕಿ ಬಹು ಹೊತ್ತು ಸಾಗಿದ ಮೇಲೆ ಬಳ್ಳಾರಿಯ ಎರಡು ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಒಂದು ಕೋಟೆಯ ಗುಡ್ಡ, ಇನ್ನೊಂದು ಕುಂಬಾರಗುಡ್ಡ. ಹೈದರಾಲಿಯು ಫ್ರೆಂಚ್ ಇಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂದು ತಿಳಿದು, ಅವನನ್ನು ಗಲ್ಲಿಗೇರಿಸಿದನಂತೆ. ಇದು ಐತಿಹ್ಯ. ಕಲ್ಲುಗಾರೆಯ ಕೆಲಸದಲ್ಲಿ ಆ ಪರದೇಶಿ ನಿಪುಣನೇ ಆಗಿದ್ದಿರಬೇಕು. ಸುತ್ತಲೂ ಒಮ್ಮೆ ಕಣ್ಣೆತ್ತಿ ನೋಡಲಿಲ್ಲ, ಅಷ್ಟೆ. ಹೈದರನ ನ್ಯಾಯ ಕ್ರೂರವೇ ಸರಿ.

ಈ ಸಲ ನಾವು ಹೊರಟದ್ದು ಗುಡ್ಡ ನೋಡುವುದಕ್ಕಲ್ಲ. ಗಾಂಧಿನಗರದಲ್ಲಿ ನಮ್ಮ ಬಾಲ್ಯಸ್ನೇಹಿತರೊಬ್ಬರ ಮನೆಯಿದೆ. ಅವರು ಬಳ್ಳಾರಿಯ ಕೋರ್ಟಿನಲ್ಲಿ ಹೆಸರಾದ ವಕೀಲರು, ಈಗ ಇಲ್ಲ. ಅವರ ಮಗಳು, ನಮ್ಮಲ್ಲಿ ಸಂಸ್ಕೃತ ಕಲಿತವಳು, ತಂದೆಯ ಕಚೇರಿಯನ್ನೇ ನಡೆಸುತ್ತಿದ್ದಾಳೆ. ವಯಸ್ಸು ನಲವತ್ತಾಯಿತು. ಆಕೆಯ ತಾಯಿಯವರಿಂದ ನಮಗೆ ಕರೆ ಬಂದಿತು: "ಮೇಷ್ಟ್ರೇ, ತಾವೊಮ್ಮೆ ಬಂದು ಬುದ್ಧಿ ಹೇಳಿರಿ. ಮೂರು ತಿಂಗಳಿಂದ ವಾರವಾರವೂ ಬೆಂಗಳೂರಿಗೆ ಹೋಗಿ ವ್ಯಾಪಾರದ ವಿದ್ಯೆ ಕಲಿಯುತ್ತಿದ್ದಾಳೆ. ಅಪ್ಪ ಬಿಟ್ಟುಹೋದ ಹಣ ಅದಕ್ಕೆ ಸುರಿಯುತ್ತಿದೆ. ಮೊಮ್ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ."

ಬಿಡಿಸುವ ಸಂಕಲ್ಪದಿಂದಲೇ ನಾವು ಬಸ್ಸು ಹತ್ತಿದೆವು.

ಗಾಂಧಿನಗರದ ಬೀದಿಗಳಲ್ಲಿ ವೈದ್ಯರ ಮತ್ತು ವಕೀಲರ ಹಲಗೆಗಳನ್ನು ಓದುತ್ತ ನಡೆದರೆ ದಾರಿ ಸವೆದುದೇ ತಿಳಿಯದು. ಸ್ನೇಹಿತರ ಮನೆಯ ಮುಂಭಾಗದಲ್ಲಿ ಕಚೇರಿ, ಹಿಂಭಾಗದಲ್ಲಿ ಸಂಸಾರ. ಕಚೇರಿಯಲ್ಲಿ ಹಳೆಯ ಗುಮಾಸ್ತರು ಕೆಂಪು ದಾರದ ಕಟ್ಟುಗಳ ನಡುವೆ ಕುಳಿತಿದ್ದರು. ಗೋಡೆಗೆ ಹೊಸದಾಗಿ ಒಂದು ಬಿಳಿಯ ಹಲಗೆ ಬಂದಿದ್ದಿತು. ಯಾವ ಮೊಕದ್ದಮೆ ಯಾವ ಕಿರಿಯ ವಕೀಲರ ಪಾಲಿನದು, ವಾಯಿದೆ ಎಂದು, ಕಕ್ಷಿಗಾರನಿಗೆ ಸುದ್ದಿ ಮುಟ್ಟಿತೇ ಇಲ್ಲವೇ, ಎಲ್ಲವೂ ಅದರ ಮೇಲೆ ಬರೆದಿದ್ದಿತು. "ಇದು ಬಂದ ಮೇಲೆ ಬೈಗುಳ ಕಡಮೆಯಾಯಿತು ಸ್ವಾಮಿ" ಎಂದರು ಗುಮಾಸ್ತರು.

ಊಟವಾದ ಮೇಲೆ ನಾವು ವಾದ ಹೂಡಿದೆವು. "ವಕೀಲನಾದವನು ತಾನೇ ವ್ಯಾಪಾರ ಮಾಡಕೂಡದೆಂದು ನಿಮ್ಮ ಬಾರ್ ಕೌನ್ಸಿಲಿನ ನಿಯಮವಲ್ಲವೇ ಅಮ್ಮ? ಮಾಡಕೂಡದ ಕೆಲಸಕ್ಕೆ ಪದವಿಯೇಕೆ?"

ಆಕೆ ನಕ್ಕಳು. ನಿಯಮ ಹಾಗೆಯೇ ಇದೆಯಂತೆ. ವಕೀಲನು ಕಂಪೆನಿಯ ನಿರ್ದೇಶಕರ ಮಂಡಲಿಯಲ್ಲಿ ಕೂಡಬಹುದು. ವ್ಯವಸ್ಥಾಪಕ ನಿರ್ದೇಶಕನಾಗಿ ಆಡಳಿತ ನಡೆಸಕೂಡದು. "ನನಗೆ ವ್ಯಾಪಾರ ಬೇಡ ಮೇಷ್ಟ್ರೇ. ತಾವೇ ಹೇಳಿಕೊಟ್ಟದ್ದಲ್ಲವೇ, ವ್ಯವಹಾರ ಎಂಬ ಮಾತಿಗೆ ಎರಡರ್ಥವೆಂದು?"

ನಾವು ನಿರುತ್ತರರಾದೆವು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ವ್ಯವಹಾರಾಧ್ಯಾಯವೆಂದರೆ ಮೊಕದ್ದಮೆಗಳ ಅಧ್ಯಾಯ. ಪೇಟೆಯಲ್ಲಿ ವ್ಯವಹಾರವೆಂದರೆ ಕೊಳ್ಳುವುದು, ಮಾರುವುದು. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಅದೇ ಅಧ್ಯಾಯದಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವುಂಟು: ಹಲವರು ವರ್ತಕರು ಕೂಡಿ ಬಂಡವಾಳ ಹಾಕಿದರೆ ಲಾಭನಷ್ಟಗಳನ್ನು ಹಂಚಿಕೊಳ್ಳುವ ಬಗೆ. ಇದನ್ನೆಲ್ಲ ನಾವು ಎಷ್ಟು ವರ್ಷ ಪಾಠ ಹೇಳಿದೆವು! ಪಾಠ ಹೇಳಿದವನಿಗಿಂತ ಕೇಳಿದವಳಿಗೆ ಅದು ಹೆಚ್ಚು ತಿಳಿದಿದ್ದಿತು.

ಆಮೇಲೆ ಆಕೆ ಒಂದು ಸಂಗತಿಯನ್ನು ಹೇಳಿದಳು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕಸುಬು ಮನೆಮನೆಗಳವರೆಗೆ ಹಬ್ಬಿರುವುದು ವಾಚಕರಿಗೆ ತಿಳಿದೇ ಇದೆ. ಅಂಥ ಒಂದು ಕಾರ್ಖಾನೆಯ ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿದರು. ಅಣ್ಣನ ಪರವಾಗಿ ಈಕೆ ಆರು ವರ್ಷ ವಾದಿಸಿ ಗೆದ್ದಳು. ಗೆದ್ದ ದಿನ ನೋಡಿದರೆ ಯಂತ್ರಗಳು ಸಾಲಕ್ಕೆ ಮಾರಿಹೋಗಿದ್ದುವು. ಹೊಲಿಯುವವರು ಬೇರೆ ಕಡೆ ಸೇರಿದ್ದರು. "ಅವರ ಲೆಕ್ಕದ ಪುಸ್ತಕ ಆರು ವರ್ಷವೂ ನನ್ನ ಮೇಜಿನ ಮೇಲಿತ್ತು. ಅದನ್ನು ಓದಲು ಬಂದಿದ್ದರೆ ಎರಡನೆಯ ವರ್ಷವೇ ರಾಜಿ ಮಾಡಿಸುತ್ತಿದ್ದೆ. ಆಡಿಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ; ತಿಳಿಯದೆಂದು ಹೇಳಲು ನಾಚಿಕೆ. ಅಣ್ಣನ ಕೈಗೆ ಕೊನೆಗೆ ಬಂದದ್ದು ತೀರ್ಪಿನ ನಕಲು ಮಾತ್ರ." ಅದೇ ವರ್ಷ ಕಚೇರಿಯ ಇಬ್ಬರು ಕಿರಿಯ ವಕೀಲರು ಬಿಟ್ಟುಹೋದರಂತೆ. ಕೆಲಸ ಹಂಚಲು, ಹಂಚಿದ್ದನ್ನು ನಂಬಲು ತನಗೆ ಬರುತ್ತಿರಲಿಲ್ಲವೆಂದು ಆಕೆಯೇ ಒಪ್ಪಿಕೊಂಡಳು.

ಇದನ್ನು ಕೇಳುತ್ತಿರುವಾಗ ಈ ಬಡಾವಣೆ ಹೊತ್ತ ಹೆಸರು ನಮ್ಮ ನೆನಪಿಗೆ ಬಂದಿತು. 1893ರಲ್ಲಿ ಗಾಂಧಿಯವರು ಇಪ್ಪತ್ತಮೂರು ವರ್ಷದ ಬ್ಯಾರಿಸ್ಟರು. ದಾದಾ ಅಬ್ದುಲ್ಲಾ ಸೇಟರ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ನಲವತ್ತು ಸಾವಿರ ಪೌಂಡಿನ ದಾವೆ; ಅದರ ತುಂಬ ಲೆಕ್ಕಪತ್ರಗಳೇ. ಪಿ. ನೋಟು ಎಂಬ ಮಾತು ಪದೇಪದೇ ಬರುವುದು, ಇವರಿಗೆ ಅರ್ಥ ತಿಳಿಯದು, ನಿಘಂಟಿನಲ್ಲಿ ಸಿಕ್ಕದು. ಕೊನೆಗೆ ಗುಮಾಸ್ತನನ್ನೇ ಕೇಳಿ, ಅದು ಪ್ರಾಮಿಸರಿ ನೋಟೆಂದು ತಿಳಿದರು. ಲೆಕ್ಕ ಬರೆಯುವ ಪುಸ್ತಕವೊಂದನ್ನು ಕೊಂಡು ಓದಿದರು. ಎದುರುಪಕ್ಷದ ತ್ಯಾಬ್ ಸೇಟರು ದಾದಾ ಅಬ್ದುಲ್ಲಾರವರ ಬಂಧುವೇ. ವಕೀಲರ ಫೀಜೇ ಇಬ್ಬರನ್ನೂ ನುಂಗುವಂತಿದ್ದುದನ್ನು ಕಂಡು ಗಾಂಧಿಯವರು ಪಂಚಾಯಿತಿಗೆ ಒಪ್ಪಿಸಿದರು. ಮೂವತ್ತೇಳು ಸಾವಿರ ಪೌಂಡು, ಜತೆಗೆ ಖರ್ಚು ಕೊಡಬೇಕೆಂದು ತೀರ್ಮಾನವಾಯಿತು. ಅದನ್ನು ಒಮ್ಮೆಗೇ ಕೇಳಿದರೆ ತ್ಯಾಬ್ ಸೇಟರು ದಿವಾಳಿಯಾಗುತ್ತಿದ್ದರು. ಆದುದರಿಂದ ಕಂತುಗಳಲ್ಲಿ ತೆಗೆದುಕೊಳ್ಳುವಂತೆ ತಮ್ಮ ಕಕ್ಷಿಗಾರನನ್ನು ಒಪ್ಪಿಸಿದರು. ರಾಜಿಗಿಂತಲೂ ಈ ಕಂತನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತಂತೆ.

ಗಾಂಧಿಯವರ ಖರ್ಚು ಒಂದು ಪುಸ್ತಕದ ಬೆಲೆ. ಈಕೆಯದು ಲಕ್ಷಗಳ ಮಾತು. ಅದನ್ನೂ ಹೇಳಿದೆವು. ಆಕೆ ಹೋಗುವುದು ಬನ್ನೇರುಘಟ್ಟ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿಗೆ. 1973ರಲ್ಲಿ ಆರಂಭವಾದ ಸಂಸ್ಥೆ. ಬಾಲಕೃಷ್ಣ ದೋಶಿಯವರು ಫತೇಪುರ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಕಲ್ಲಿನ ಭವನ. ಮೊದಲು ಡಿಪ್ಲೊಮ ಮಾತ್ರ ಕೊಡುತ್ತಿದ್ದ ಇಂಥ ಸಂಸ್ಥೆಗಳಿಗೆ ಪದವಿ ಕೊಡುವ ಅಧಿಕಾರ ಬಂದದ್ದು 2017ರ ಶಾಸನದಿಂದ. ಉದ್ಯೋಗದಲ್ಲಿರುವವರಿಗಾಗಿ ವಾರದ ಕೊನೆಯಲ್ಲಿ ಪಾಠ. ಎರಡು ವರ್ಷದ ಅಭ್ಯಾಸ. ಅಲ್ಲಿ ನಾಯಕತ್ವವನ್ನೂ ಬೋಧಿಸುವರೆಂದಾಗ ನಮಗೆ ನಗು ಬಂದಿತು. ಜನರನ್ನು ನಡೆಸುವ ಗುಣವನ್ನು ತರಗತಿಯಲ್ಲಿ ಕಲಿಸಬಹುದೆಂದು ಮೂವತ್ತು ವರ್ಷ ಪಾಠ ಹೇಳಿದ ನಾವು ಈಗಲೂ ನಂಬಲಾರೆವು. ಲೆಕ್ಕ ಓದುವುದನ್ನು ಕಲಿಸಬಹುದು. ತಿಳಿಯದುದನ್ನು ತಿಳಿಯದೆಂದು ಹತ್ತು ಜನರ ಮುಂದೆ ಹೇಳುವ ಅಭ್ಯಾಸವನ್ನೂ ಪ್ರಾಯಶಃ ಮಾಡಿಸಬಹುದು.

"ಮಗುವಿನ ಪರೀಕ್ಷೆ?" ಎಂದೆವು. ಆಕೆ ಕೂಡಲೇ ಉತ್ತರ ಕೊಡಲಿಲ್ಲ. "ಅದೊಂದೇ ನನಗೆ ನೋವು" ಎಂದಳು. ಮಗುವಿಗೆ ಸಂಸ್ಕೃತ ಮತ್ತು ಗಣಿತಗಳನ್ನು ಪರೀಕ್ಷೆಯವರೆಗೆ ಶನಿವಾರ ಶನಿವಾರ ಬಂದು ನಾವು ಹೇಳಿಕೊಡುವುದೆಂದು ಮಾತಾಯಿತು. ಬುದ್ಧಿ ಹೇಳಲು ಹೋದವರು ಕೆಲಸ ಹಚ್ಚಿಕೊಂಡು ಬಂದೆವೆಂದು ನಮ್ಮ ಮನೆಯವರು ಆಮೇಲೆ ನಕ್ಕದ್ದುಂಟು.

ಸಂಜೆಯ ಬಿಸಿಲಿನಲ್ಲಿ ಕೋಟೆಯ ಗುಡ್ಡ ಕೆಂಪಾಗಿದ್ದಿತು. ಆಕೆಗೆ ರಾತ್ರಿಯ ರೈಲು. ನಮಗೆ ಸಿರುಗುಪ್ಪೆಯ ಬಸ್ಸು. ತಾಯಿಯವರು ಅಡಿಗೆಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದರು. ನಾವು ಬಾಗಿಲಲ್ಲಿ ನಿಂತುದನ್ನು ಕಂಡು ಮುಖವೆತ್ತಿ, "ಹೇಳಿದಿರಾ ಮೇಷ್ಟ್ರೇ?" ಎಂದು ಕೇಳಿದರು. ಶನಿವಾರ ಬರುವೆವೆಂದೆವು. ಅವರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, ಮಗಳ ಗಂಟಿಗೆ ಇನ್ನೆರಡು ರೊಟ್ಟಿಗಳನ್ನು ಸೇರಿಸಿದರು.